ಹಳದಿ ಗೆರೆ

ರಾಷ್ಟ್ರಮಟ್ಟದ ಸ್ಪರ್ಧೆಗೆ ಹೋಗುವವರ ಪಟ್ಟಿಯಲ್ಲಿ ರಜಿತಾಳ ಹೆಸರಿರಲಿಲ್ಲ. ಸ್ಕೇಟಿಂಗ್ ಸಂಘದ ಕಾರ್ಯದರ್ಶಿ ಶಿವಕಾಂತನ ತಂಗಿಯ ಮಗಳ ಹೆಸರಿತ್ತು. ಪಟ್ಟಿ ತಯಾರಾದದ್ದು ಆಯ್ಕೆಯ ಹಿಂದಿನ ಸಂಜೆ.

ಗಾಲಿಬೂಟಿನ ಫಿಗರ್ ಸ್ಕೇಟಿಂಗಿನಲ್ಲಿ ರಜಿತಾ ಮೂರು ವರ್ಷ ರಾಜ್ಯಕ್ಕೇ ಮೊದಲಿಗಳು. ನಾರಾಯಣಪೇಟೆ ಬಳಿಯ ದಾಮರಗಿದ್ದದಿಂದ ಹೈದರಾಬಾದಿಗೆ ಇಟ್ಟಿಗೆ ಹೊರಲು ಹೋದ ಬಾಲಮ್ಮನ ಮಗಳು. ಆಯ್ಕೆಯ ದಿನ ಮುಂಜಾನೆ ಬಾಲಮ್ಮ ಮಗಳ ಬೂಟಿನ ಗಾಲಿಗಳಿಗೆ ಮೈಲಾರಲಿಂಗನ ಭಂಡಾರ ಮೆತ್ತಿದಳು. ಕುರಿ ಹೊರಟರೂ ಮಕ್ಕಳು ಹೊರಟರೂ ದೇವರ ಅರಿಸಿನ ಹಚ್ಚಿಯೇ ಕಳಿಸುವ ಮನೆ ಅದು. ಸ್ಕೇಟಿಂಗ್ ರಿಂಕಿನಲ್ಲಿ ರಜಿತಾ ಒಂದೇ ವೃತ್ತವನ್ನು ಮೂರು ಸಲ ಸುತ್ತಿದಳು. ನೆಲದ ಮೇಲೆ ಮೂಡಿದ್ದು ಮಾತ್ರ ಒಂದೇ ಹಳದಿ ಗೆರೆ. ಕೂದಲೆಳೆಯಷ್ಟೂ ಆಚೀಚೆ ಇಲ್ಲ. ತೀರ್ಪುಗಾರನೊಬ್ಬ ಬೆರಗಾಗಿ ಕುರ್ಚಿ ಬಿಟ್ಟು ಎದ್ದುನಿಂತ. ಶಿವಕಾಂತನಿಗೆ ನೆವ ಸಿಕ್ಕಿತು: ನೆಲ ಹೊಲಸಾಗಿದೆ, ಆಟಗಾರ್ತಿ ಅನರ್ಹ. ತೊಳೆದರೆ ಹೋಗುವ ಅರಿಸಿನ. ಆದರೆ ಸಂಘದವರಿಗೆ ಹೋಗಬೇಕಾಗಿದ್ದದ್ದು ಅರಿಸಿನವಲ್ಲ, ರಜಿತಾ.

ಆ ಪಟ್ಟಿಯನ್ನು ರಜಿತಾ ಹಿಂದಿನ ಸಂಜೆಯೇ ಶಿವಕಾಂತನ ಮೇಜಿನ ಮೇಲೆ ಕಂಡಿದ್ದಳು. ಆದರೂ ಆಯ್ಕೆ ಮುಗಿಸಿ ಮರಳುವಾಗ ಬಸ್ ಸ್ಟ್ಯಾಂಡಿನಲ್ಲಿ ಅವಳ ಸಿಟ್ಟು ಹೋಗಿ ಬಿದ್ದದ್ದು ಅವ್ವನ ಮೇಲೆ. "ನಿನ್ನ ಭಂಡಾರ ನನ್ನ ಬಾಳೇ ತಿಂತು!" ಅಂದಳು. ಆ ದಿನ ಬಿಚ್ಚಿಟ್ಟ ಬೂಟನ್ನು ಮತ್ತೆ ತೊಡಲಿಲ್ಲ. ಆಡಿದ ಮಾತನ್ನೂ ಹಿಂದಕ್ಕೆ ಪಡೆಯಲಿಲ್ಲ. ಹನ್ನೊಂದು ವರ್ಷವಾಯಿತು. ಈಗ ನಾರಾಯಣಪೇಟೆಯ ಶಾಲೆಯೊಂದರಲ್ಲಿ ಮಕ್ಕಳಿಗೆ ಡ್ರಿಲ್ ಮಾಡಿಸುತ್ತಾಳೆ.

ಇಂದು ಅದೇ ಶಿವಕಾಂತ ಅವಳ ಮನೆಯ ಪಡಸಾಲೆಯಲ್ಲಿ ಕುಳಿತು ಚಹಾದ ಲೋಟ ಎತ್ತಿದ.

"ಇದರಾಗೂ ಭಂಡಾರ ಹಾಕೀರೇನ್ರೀ ಬಾಲಮ್ಮ?" ತಾನೇ ನಕ್ಕ. "ಯಾರೋ ಪುಣ್ಯಾತ್ಮ ಹಳೇ ಸೆಲೆಕ್ಷನ್ ಮ್ಯಾಲ ತಕರಾರು ಅರ್ಜಿ ಕೊಟ್ಟಾನ. ನೀವು ಈ ಫೋನಿನ ಮುಂದ ಎರಡು ಮಾತು ಹೇಳಿಬಿಡ್ರಿ. 'ತಪ್ಪು ನಂದು, ಸಂಘದ್ದಲ್ಲ' ಅಂತ. ಗದ್ವಾಲದಾಗ ಹೊಸ ರಿಂಕ್ ಆಗಾಕತ್ತೈತಿ. ನಿಮ್ಮ ಮಗಳೇ ಕೋಚ್, ಪಕ್ಕಾ."

"ಹೇಳ್ತೀನ್ರೀ ಸಾಹೇಬ್ರ," ಬಾಲಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ನೆಟ್ಟಗೆ ಕುಳಿತಳು. "ಖರೇನ ಐತಿ. ನನ್ನ ಕೈಲೇ ಕೆಟ್ಟಿದ್ದು ಅದು."

ರಜಿತಾ ಸುಮ್ಮನಿದ್ದರೆ ಸಾಕಿತ್ತು. ಮತ್ತೆ ಗಾಲಿಗಳ ಸದ್ದು, ಕಾಲಡಿ ನುಣುಪು ನೆಲ, ಎಲ್ಲವೂ ಬರುತ್ತಿತ್ತು. ಶಿವಕಾಂತ ವಿಡಿಯೋ ತೆಗೆಯಲು ಫೋನು ಎತ್ತಿ ಹಿಡಿದ. ಅವ್ವ ಕೈ ಜೋಡಿಸಿದಳು, ಪೊಲೀಸರ ಮುಂದೆ ಜೋಡಿಸುವ ಹಾಗೆ. ರಜಿತಾಳಿಗೆ ನೋಡಲಾಗಲಿಲ್ಲ.

"ಅವ್ವಾ, ಬ್ಯಾಡ. ಪಟ್ಟಿ ಹಿಂದಿನ ದಿನಾನ ಆಗಿತ್ತು. ನಿನ್ನ ಭಂಡಾರದ್ದು ಏನೂ ತಪ್ಪಿಲ್ಲ."

"ನಿಂಗ್ಯಾರು ಹೇಳಿದ್ರು?"

"ನಾನ ನೋಡಿದ್ದೆ. ಆವತ್ತ."

ಬಾಲಮ್ಮ ಜೋಡಿಸಿದ್ದ ಕೈ ಬಿಟ್ಟಳು. "ಹನ್ನೊಂದು ವರ್ಷ ಮೈಲಾರಲಿಂಗನ ಗುಡಿಗೆ ಕಾಲಿಡಲಿಲ್ಲ ನಾ," ಎಂದಳು ಮೆಲ್ಲಗೆ. "ನಿನ್ನ ಕೂಸು ಹುಟ್ಟಿದಾಗ ಮುಟ್ಟಾಕ ಅಂಜಿದ್ನಿ. ನನ್ನ ಕೈ ಹತ್ತಿದ್ರ ಅದಕ್ಕೂ ಕೇಡಾದೀತು ಅಂತ."

"ಹಳೇ ಮಾತು ಬಿಡ್ರಿ," ಶಿವಕಾಂತ ಅವಸರಿಸಿದ. "ಮಗಳ ನೌಕರಿ ನೋಡ್ರಿ. ಹೂಂ, ಹೇಳ್ರಿ."

"ಹೇಳಂಗಿಲ್ಲ."

"ಏ ಬಾಲಮ್ಮ…"

"ಎದ್ದು ನಡೀರಿ ಸಾಹೇಬ್ರ."

ಅವನು ಗೊಣಗುತ್ತ ಹೋದ. ಹೊರಗೆ ಕಾರಿನ ಬಾಗಿಲು ಬಡಿದ ಸದ್ದಾಯಿತು. ರಜಿತಾ ಅವ್ವನ ಕಾಲ ಬಳಿ ಕುಸಿದಳು.

"ಬೈಯಿ ಅವ್ವಾ. ಎರಡೇಟು ಹೊಡಿ. ಏನರೆ ಅನ್ನು."

ಬಾಲಮ್ಮ ಕಾಲು ಹಿಂದಕ್ಕೆ ಎಳೆದುಕೊಂಡಳು.

"ಬೈಯಂಗಿಲ್ಲ," ಎಂದಳು.