ಒಂಬತ್ತನೇ ಕಾಲಂ

ಮಸ್ಕತ್‌ನಲ್ಲಿ ಹಾಡಲು ನಮ್ಮ ಭಜನಾ ಮಂಡಳಿಗೆ ಕರೆ ಬಂದಿತ್ತು. ಮುಖ್ಯ ಗಾಯಕಿ, ಎಂದಿನಂತೆ, ವಾರಿಜಕ್ಕ. ಹತ್ತೊಂಬತ್ತು ವರ್ಷದಿಂದ ನಾನು ಅವಳ ಹಿಂದೆ ಕೂತು ತಾಳ ಕುಟ್ಟುವವಳು. ಅವಳಿಲ್ಲದಿದ್ದರೆ ಆ ಜಾಗ ನನ್ನದು.

ಎಲ್ಲರ ಪ್ರಯಾಣ ವಿಮೆಯ ಅರ್ಜಿ ತುಂಬುವ ಕೆಲಸ ನನಗೇ ಬಿತ್ತು.

"ಕಾಯಿಲೆ ಏನಾದ್ರೂ ಇದ್ಯಾ ಅಕ್ಕಾ? ಇದ್ರೆ ವಿಮೆ ಸಿಗೋದು ಕಷ್ಟ."

"ನಂಗೇನೇ? ಗುಂಡುಕಲ್ಲಿನ ಹಾಗಿದೀನಿ."

ಒಂಬತ್ತನೇ ಕಾಲಂನಲ್ಲಿ 'ಹೃದಯದ ತೊಂದರೆ ಇದೆ' ಎಂದು ಬರೆದೆ. ಅವಳು ಓದದೆ ಸಹಿ ಹಾಕಿದಳು.

ವಿಮೆಯವರು ಅವಳನ್ನು ತಪಾಸಣೆಗೆ ಕಳಿಸಿದರು. ಅಲ್ಲಿಂದ ನೇರ ಆಪರೇಷನ್. ಮಸ್ಕತ್‌ನಲ್ಲಿ ನಾನೇ ಹಾಡಿದೆ.

ಹಿಂತಿರುಗಿ ಆಸ್ಪತ್ರೆಗೆ ಹೋದಾಗ ಅವಳು ನನ್ನ ಕೈ ಹಿಡಿದುಕೊಂಡಳು.

"ಪ್ರವಾಸ ತಪ್ಪುತ್ತೆ ಅಂತ ಎದೆನೋವನ್ನ ಮನೆಯವರಿಗೂ ಹೇಳಿರ್ಲಿಲ್ಲ ಕಣೇ. ನಿಂಗೊಬ್ಬಳಿಗೇ ಹೇಗೆ ಗೊತ್ತಾಯ್ತು?"