ಹೊಲಿಗೆಗೆ ಮೂರು

ಗಿಟಾರಿನ ಕತ್ತು ತನಗಾಗಿ ಕೊರೆದ ಗುಳಿಯೊಳಗೆ ಇಳಿಯಲೇ ಇಲ್ಲ. ಅವನು ತಿರುಗಿಸಿ ನೋಡಿದ, ಒತ್ತಿ ನೋಡಿದ, ಹೊಟ್ಟು ಊದಿ ನೋಡಿದ. ಗುಳಿ ಸುತ್ತಲೂ ಒಂದಿಷ್ಟು ಚಿಕ್ಕದಾಗಿತ್ತು.

ಮರ ಅವನದಲ್ಲ. ಸಂಗೀತದ ಟೀಚರೊಬ್ಬರು ತೀರಿಕೊಂಡ ತಾಯಿಯ ಮೇಜನ್ನು ಬಿಚ್ಚಿಸಿ ತಂದುಕೊಟ್ಟ ಹಲಗೆ; ಒಂದೇ ಒಂದು ಗಿಟಾರಿಗೆ ಆಗುವಷ್ಟು. ಉಳಿ ತಾಗಿಸಿದರೆ ಸೀಳುವ ಹಳೇ ಮರ. ಅದಕ್ಕೆಂದೇ, ಇಪ್ಪತ್ತು ವರ್ಷ ಉಳಿಯಲ್ಲೇ ಕೆಲಸ ಮಾಡಿದವನು ಹೊಸದಾಗಿ, ಮರದಲ್ಲಿ ಗುಳಿ ಕೊರೆಯುವ ರೂಟರ್ ಯಂತ್ರ ತಂದಿದ್ದ. ಅದು ದಾರಿ ತಪ್ಪದಿರಲೆಂದು ಕತ್ತಿನ ಬುಡವನ್ನು ಪ್ಲೈವುಡ್ಡಿನ ಮೇಲಿಟ್ಟು ಗೆರೆ ಎಳೆದು, ಕೂದಲೆಳೆಯಷ್ಟೂ ಆಚೀಚೆ ಆಗದಂತೆ ಕಿಟಕಿ ಕೊರೆದು ತಾನೇ ಅಚ್ಚು ಮಾಡಿಕೊಂಡಿದ್ದ. ಬೆಳಿಗ್ಗೆ, ಪರದೆಯ ಆಚೆ ಬಟ್ಟೆ ಹೊಲಿಯುತ್ತಿದ್ದ ಹೆಂಡತಿಯನ್ನು ಕರೆದು ಅದನ್ನು ತೋರಿಸಿಯೂ ಇದ್ದ.

“ಇಷ್ಟು ಬಿಗಿಯಾಗಿ ಕತ್ತರಿಸಿದೀರಲ್ಲ, ಹೊಲಿಗೆಗೆ ಜಾಗ ಎಲ್ಲಿ ಬಿಟ್ಟಿದೀರಿ?” ಎಂದು ಅವಳು ಕೇಳಿದ್ದಳು.

“ಇದೇನು ಅಂಗಿ ತೋಳು ಅಂದ್ಕೊಂಡ್ಯಾ?” ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ.

ಈಗ ನಗು ಬರಲಿಲ್ಲ. ಟೀಚರ್ ಸಂಜೆ ನೋಡಲು ಬರುವವರಿದ್ದರು. ಅವನಿಗೆ ನಿಜವಾಗಿ ಹೆದರಿಕೆಯಾಗಿತ್ತು. ಕೈ ತಾನಾಗಿಯೇ ಉಳಿಯ ಕಡೆ ಹೋಯಿತು.

“ಅದನ್ನ ಕೆಳಗಿಡಿ.” ಹೆಂಡತಿ ಪರದೆ ಸರಿಸಿ ಬಂದಿದ್ದಳು. ವೈರು ಕಿತ್ತು, ರೂಟರನ್ನು ಅಂಗಾತ ಮಲಗಿಸಿದಳು. ಬ್ಲೇಡಿನ ಸುತ್ತ ಹಿತ್ತಾಳೆಯ ಬಳೆಯೊಂದಿತ್ತು. “ಅಚ್ಚಿಗೆ ತಾಗಿ ಓಡೋದು ಈ ಬಳೆ ತಾನೆ? ಕೊರೆಯೋ ಬ್ಲೇಡು ಇದರ ಒಳಗಿದೆ. ಮಧ್ಯದ ಜಾಗ ಯಾರ ಲೆಕ್ಕಕ್ಕೆ?” ಕೊರಳಿನ ಟೇಪು ತೆಗೆದು ಅಳೆದಳು. “ಮೂರು ಮಿಲಿಮೀಟರ್.”

ಅವನು ಪೆಚ್ಚಾಗಿ ತಲೆ ಕೆರೆದುಕೊಂಡ. ಅವಳು ಹೊಸ ಪ್ಲೈವುಡ್ಡಿನ ಮೇಲೆ ಕತ್ತಿನ ಬುಡ ಇಟ್ಟು, ಸುತ್ತಲೂ ಮೂರು ಬಿಟ್ಟು ಗೆರೆ ಎಳೆದಳು. ಅಭ್ಯಾಸಬಲದಿಂದ ಮೂಲೆಯಲ್ಲಿ ಬಟ್ಟೆಗೆ ಗುರುತು ಹಾಕುವ ನೀಲಿ ಚಾಕ್‌ಪೀಸಿನಲ್ಲಿ ‘ಹೊಲಿಗೆಗೆ ೩’ ಎಂದು ಬರೆದಳು. “ಮೊದಲು ಚೂರುಪಾರು ಮರದ ಮೇಲೆ ಓಡಿಸಿ ನೋಡಿ,” ಎಂದು ಹೇಳಿ ತನ್ನ ಮೆಷಿನ್ನಿಗೆ ಮರಳಿದಳು.

ಸಂಜೆಯ ಹೊತ್ತಿಗೆ ಕತ್ತು ಗುಳಿಯಲ್ಲಿ ಟಪ್ಪನೆ ಕೂತಿತು. ಹಲಗೆಯಲ್ಲಿ ಒಂದು ಗೀರೂ ಇಲ್ಲ. ಅವನ ಜೀವ ಮರಳಿ ಬಂತು, ಜೊತೆಗೆ ಜಂಬವೂ ಬಂತು.

ಟೀಚರ್ ಮರವನ್ನು ಸವರಿದರು. ಕಣ್ಣೊರೆಸಿಕೊಂಡು, ಪಕ್ಕದಲ್ಲಿದ್ದ ಅಚ್ಚನ್ನು ಎತ್ತಿಕೊಂಡರು.

“ಇದನ್ನೂ ನೀವೇ ಮಾಡಿದ್ದಾ?”

“ಎಲ್ಲಾ ನಾನೇ, ಮೇಡಂ. ಅಂಗಡೀಲಿ ಸಿಗೋದಲ್ಲ ಇದು.”

“ಇಲ್ಲೇನೋ ಬರೆದಿದೆಯಲ್ಲ, ‘ಹೊಲಿಗೆಗೆ ಮೂರು’ ಅಂತ?”

ಅವನು ಗಂಟಲು ಸರಿಮಾಡಿಕೊಂಡ. “ಅದಾ? ಅದು ಗಿಟಾರ್ ಮಾಡೋರ ಭಾಷೆ, ಮೇಡಂ. ಹೊರಗಿನೋರಿಗೆ ಅರ್ಥ ಆಗಲ್ಲ.”

ಪರದೆಯ ಆಚೆ ಹೊಲಿಗೆ ಮೆಷಿನ್ನಿನ ಸದ್ದು ನಿಂತಿತು.