ಮೇಲಿನ ಸ್ವರ

ಚರ್ಚಿನ ಗಾಯಕವೃಂದ ತಲೆಮಾರುಗಳಿಂದ ಹಾಡುತ್ತಿದ್ದ ಸ್ತುತಿಗೀತೆಯನ್ನು ವಿದ್ವಾಂಸರೊಬ್ಬರು ಹಳೆಯ ಪ್ರತಿಗಳೊಡನೆ ಹೋಲಿಸಿ ಅಚ್ಚಿಗೆ ಸಿದ್ಧಪಡಿಸುತ್ತಿದ್ದರು. ಕೊನೆಯ ‘ಹಲ್ಲೆಲೂಯ’ಕ್ಕೆ ಬಂದಾಗ, ಅನ್ನದಲ್ಲಿ ಕಲ್ಲು ಸಿಕ್ಕ ಹಾಗೆ ಅವರ ಪೆನ್ಸಿಲ್ ನಿಂತಿತು.

“ಮಾಸ್ಟ್ರೇ, ಈ ಮೇಲಿನ ಸ್ವರ ಯಾವ ಪ್ರತಿಯಲ್ಲೂ ಇಲ್ಲ. ತೆಗೀತೀನಿ.”

“ಖಂಡಿತ ತೆಗೀಬೇಡಿ,” ಎಂದರು ಆರ್ಗನ್ ಮುಂದೆ ಕೂತಿದ್ದ ಮಾಸ್ತರರು, ಗಾಯಕರ ಮುಂದಿನ ಸಾಲಿನಲ್ಲಿದ್ದ ಹೆಂಡತಿಯತ್ತ ಕೈ ತೋರಿಸಿ. “ಮದುವೆಯಾದ ಹೊಸದರಲ್ಲಿ ಇವಳ ಕಂಠಕ್ಕೆ ಅಂತ ನಾನೇ ಸೇರಿಸಿದ್ದು. ಇವತ್ತಿಗೂ ಅದನ್ನ ಹಾಡೋದು ಇವಳೊಬ್ಬಳೇ.”

ವಿದ್ವಾಂಸರು ಜಗ್ಗಲಿಲ್ಲ. ಮಾಸ್ತರರ ದನಿ ಏರಿತು. ಹೆಂಡತಿ ಮೆಲ್ಲಗೆ ಎದ್ದು ನಿಂತಳು.

“ತೆಗೀಲಿ ಬಿಡ್ರೀ. ಆ ಸ್ವರ ನನಗೆ ಯಾವತ್ತೂ ಎಟುಕಿಲ್ಲ. ಸುಮ್ಮನೆ ಬಾಯಿ ತೆರೀತಿದ್ದೆ, ಅಷ್ಟೆ.”

ಮಾಸ್ತರರು ವಿದ್ವಾಂಸರ ಕಡೆ ತಿರುಗಿದರು.

“ಹಾಗಾದ್ರೆ ಅದನ್ನ ಆರ್ಗನ್ನಿನ ಸಾಲಲ್ಲಿ ಬರೀರಿ ಸರ್. ಇವಳು ಬಾಯಿ ತೆರೆದಾಗಲೆಲ್ಲ ನಾನೇ ನುಡಿಸ್ತಿದ್ದೆ.”